ನಿಂಬೆಹಣ್ಣಿನಷ್ಟು ದೂರ ಹೋದ ವಿಮಾನ

ನವಿ ಮುಂಬಯಿಗೆ ಹೊಸ ವಿಮಾನ ನಿಲ್ದಾಣ ಬಂದ ಮೇಲೆ ನೆರೂಳದ ನಮ್ಮ ಸೊಸೈಟಿಯಲ್ಲಿ ಯಾರ ಕುತ್ತಿಗೆಯೂ ನೆಟ್ಟಗಿಲ್ಲ. ಮೇಲೆ ಗುಡುಗುಟ್ಟಿದರೆ ಸಾಕು, ಒಲೆಯ ಮೇಲೆ ಹಾಲಿಟ್ಟವರು ಹಾಲು ಬಿಟ್ಟು, ಮುಖಕ್ಕೆ ಸಾಬೂನು ಹಚ್ಚಿಕೊಂಡವರು ಸಾಬೂನಿನ ಸಮೇತ ಬಾಲ್ಕನಿಗೆ ಓಡುತ್ತಾರೆ. ಎದುರು ವಿಂಗಿನ ನಿವೃತ್ತ ಹೆಡ್‌ಮಾಸ್ತರರೊಬ್ಬರು ಫೋನಿನಲ್ಲಿ ನೋಡಿ, ಅದು ಯಾವ ಊರಿಂದ ಬಂದ ವಿಮಾನ, ಎಲ್ಲಿಗೆ ಹೊರಟಿದೆ ಎಂದು ಕೂಗಿ ಹೇಳುತ್ತಾರೆ. ನನ್ನ ಹೆಂಡತಿ ಶಾಂತಾ ಹುಬ್ಬಳ್ಳಿಯವಳು, ಯಾವುದಕ್ಕೂ ಸುಲಭವಾಗಿ ಬೆರಗಾಗುವವಳಲ್ಲ. ಅವಳೂ ಓಡುತ್ತಾಳೆ.

“ಅಲ್ರೀ, ಹೊರಗ ಬಂದು ನೋಡಬಾರದೇನು? ಎಷ್ಟ್ ಕೆಳಗ ಹೊಂಟದ ನೋಡ್ರಿ, ಕೈ ಚಾಚಿದ್ರ ಸಿಗೂ ಹಂಗದ!”

“ನೀ ನೋಡು. ನಾ ಆಮ್ಯಾಲೆ ನೋಡ್ತೀನಿ.”

“ಆಮ್ಯಾಲೆ ಅದು ನಿಮ್ಮ ಸಲುವಾಗಿ ನಿಂತಿರ್ತದೇನು?”

ನಿಂತಿರುವುದಿಲ್ಲ ಎಂದು ನನಗೂ ಗೊತ್ತು. ಆದರೆ ನಿಂತೇ ಇದ್ದ ವಿಮಾನವೊಂದು ನನಗೆ ಪರಿಚಯವಿತ್ತು. ಅದನ್ನು ಮಣ್ಣು ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆವತ್ತಿನಿಂದ ಈ ಸದ್ದು ಕೇಳಿದರೆ ನನಗೆ ತಲೆ ಎತ್ತುವ ಬದಲು ತಗ್ಗಿಸಬೇಕೆನಿಸುತ್ತದೆ. ಪೇಪರು ಅಡ್ಡ ಹಿಡಿದು ಕೂತುಬಿಡುತ್ತೇನೆ.

ವಿಮಾನದ ವಿಷಯ ನಾನು ಬರೆಯುವುದೇ ಒಂದು ತಮಾಷೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕೂರಿಸಲು ಇವತ್ತಿಗೂ ನಾನು ಹೆಂಡತಿಯನ್ನು ಕರೆಯುತ್ತೇನೆ. ಮೊದಲು ಡೊಂಬಿವಲಿಯಲ್ಲಿದ್ದಾಗ ಮನೆಯ ಫ್ಯೂಸ್ ಹೋದರೆ ನಾನು ಮಾಡುತ್ತಿದ್ದ ರಿಪೇರಿಯೆಂದರೆ ಮೇಣದಬತ್ತಿ ಹುಡುಕುವುದು. ಬದುಕಿನ ಬಹುಪಾಲು ಫೋರ್ಟಿನ ಒಂದು ಆಫೀಸಿನಲ್ಲಿ ಕೂತೇ ಸವೆಸಿದವನಿಗೆ ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆಂಬುದು ಪ್ರತಿ ಸಲವೂ ಹೊಸ ಸಂಶೋಧನೆ. ಇಂಥವನಿಗೆ ಶೇಖರಣ್ಣನಂಥ ಸ್ನೇಹಿತರು ಸಿಕ್ಕಿದ್ದು ನಮ್ಮ ಕನ್ನಡ ಸಂಘದ ಪುಣ್ಯ.

ಶೇಖರಣ್ಣ ಉಡುಪಿಯ ಕಡೆಯವರು. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ವಿಮಾನಗಳ ರೆಕ್ಕೆ, ಬಾಲ, ಚಕ್ರ ನೋಡಿಕೊಂಡವರು. ನಿವೃತ್ತಿಯ ನಂತರ ರಬಾಳೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ, ನೆರೂಳದಲ್ಲಿ ನಮ್ಮದೇ ಸೆಕ್ಟರಿನಲ್ಲಿ ಮನೆ ಮಾಡಿದರು. ಹೆಂಡತಿ ವನಜಕ್ಕನ ಜೊತೆ ತುಳು, ನಮ್ಮ ಜೊತೆ ಕನ್ನಡ, ರಿಕ್ಷಾದವರ ಜೊತೆ ಮರಾಠಿ, ಸಿಟ್ಟು ಬಂದಾಗ ಮಾತ್ರ ಪಡೆಯಲ್ಲಿ ಕಲಿತ ಹಿಂದಿ. ಸಂಘದ ಸಭೆಯಲ್ಲಿ ಮೈಕ್ ಕೆಟ್ಟರೆ ಎಲ್ಲರೂ ಅಧ್ಯಕ್ಷರ ಕಡೆ ನೋಡದೆ ಅವರ ಕಡೆ ನೋಡುತ್ತಿದ್ದೆವು. ಅವರು ಬೇರೆಯವರ ಮನೆಗೆ ಚಹಾಕ್ಕೆ ಬಂದರೂ ಜೇಬಿನಲ್ಲೊಂದು ಸ್ಕ್ರೂಡ್ರೈವರ್ ಇರುತ್ತಿತ್ತು.

“ನಿಮ್ಮ ಬಾಗಿಲು ಕೂಗ್ತದಲ್ಲ ಮಾರಾಯ್ರೆ, ನಿಮಗೆ ಕೇಳುದಿಲ್ವಾ?” ಎಂದು ಚಹಾ ಆರುವ ಮೊದಲೇ ತಿರುಗಣೆಗೆ ಎಣ್ಣೆ ಬಿಟ್ಟು ಮುಗಿಸಿರುತ್ತಿದ್ದರು. ಈಗ ಆ ಬಾಗಿಲು ಮತ್ತೆ ಕೂಗುತ್ತದೆ. ಅವರು ಬಂದರೂ ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ಎಣ್ಣೆ ನಾವೇ ಬಿಡಬಹುದು, ಬಿಟ್ಟಿಲ್ಲ.

ನಮ್ಮ ಜನಕ್ಕೆ ಯಂತ್ರ ಕಂಡರೆ ಕುಂಕುಮ ಹಚ್ಚುವ ಚಟ. ನಾನು ಗದಗಿನಲ್ಲಿ ಹುಡುಗನಾಗಿದ್ದಾಗ ಆಯುಧ ಪೂಜೆಗೆ ಅಪ್ಪನ ಸೈಕಲ್ಲು, ಅವ್ವನ ಹೊಲಿಗೆ ಮಷೀನು, ಈಳಿಗೆ, ಅಡಕತ್ತರಿ ಎಲ್ಲ ಸಾಲಾಗಿ ಗೋಡೆಗೊರಗಿ ಕೂರುತ್ತಿದ್ದವು. ಛತ್ರಿಯೂ ಯಂತ್ರವೇ ಎಂದು ಅಪ್ಪ ವಾದಿಸಿ ಅದಕ್ಕೂ ಗಂಧ ಹಚ್ಚುತ್ತಿದ್ದರು. ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವಂತಿಲ್ಲವಾದ್ದರಿಂದ ನಾನು ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ಇಟ್ಟು ಕೈಮುಗಿದು ನಿಶ್ಚಿಂತನಾಗುತ್ತಿದ್ದೆ. ಅವ್ವ ಒಂದು ವರ್ಷ ಭಕ್ತಿ ಹೆಚ್ಚಾಗಿ ಲಟ್ಟಣಿಗೆಯನ್ನೂ ಪೂಜೆಗಿಟ್ಟುಬಿಟ್ಟಳು. ಆಮೇಲೆ ಹೋಳಿಗೆ ಲಟ್ಟಿಸಲು ಪಕ್ಕದ ಮನೆಗೆ ಲಟ್ಟಣಿಗೆ ಕೇಳಲು ಹೋದರೆ, ಅವರೂ ಇಟ್ಟುಬಿಟ್ಟು ನಮ್ಮ ಮನೆಗೇ ಹೊರಟಿದ್ದರು. ಆ ದಿನ ಎರಡೂ ಮನೆಗಳಲ್ಲಿ ಕೈಯಲ್ಲೇ ತಟ್ಟಿದ ಹೋಳಿಗೆ.

ಈ ಕಡೆ ಬಂದ ಮೇಲೂ ಚಟ ತಪ್ಪಲಿಲ್ಲ. ಇಲ್ಲಿನವರಿಗೂ ಅದೇ ದಿನ ಖಂಡೇನವಮಿ. ಡೊಂಬಿವಲಿಯಿಂದ ನಾನು ಹೋಗುತ್ತಿದ್ದ ಬೆಳಗಿನ ಫಾಸ್ಟ್ ಲೋಕಲಿಗೇ ದಸರೆ ಹತ್ತಿರ ಬಂದಾಗ ಚೆಂಡು ಹೂವಿನ ಹಾರ ಬೀಳುತ್ತಿತ್ತು. ವರ್ಷವಿಡೀ ಒಬ್ಬರ ಪಕ್ಕೆಗೆ ಒಬ್ಬರು ಮೊಣಕೈ ತಿವಿದು ಬೈದಾಡಿದವರು ಆವತ್ತು ಡಬ್ಬಿಯ ಗೋಡೆಗೆ ದೇವರ ಫೋಟೋ ಅಂಟಿಸಿ, ಆರತಿ ಹಾಡಿ, ಪೇಢೆ ಹಂಚುತ್ತಿದ್ದರು. ರೈಲಿಗೇ ಕೈಮುಗಿದವರಿಗೆ ವಿಮಾನ ಯಾವ ದೊಡ್ಡದು?

ಆ ವಿಮಾನ ಇದ್ದದ್ದು ರಬಾಳೆಯಲ್ಲಿ, ಶೇಖರಣ್ಣ ಕಾರ್ಖಾನೆಗೆ ನಡೆದು ಹೋಗುವ ದಾರಿಯಲ್ಲಿದ್ದ ಒಂದು ತಾಂತ್ರಿಕ ಕಾಲೇಜಿನ ಗೇಟಿನೊಳಗೆ. ಯಾವ ಕಾಲೇಜು ಎಂದು ಕೇಳಬೇಡಿ, ಹೇಳುವುದಿಲ್ಲ. ಎರಡು ಸೀಟಿನ, ಮೂತಿಗೆ ಪಂಖ ಇರುವ, ಹೊಸ ಪೈಲಟ್‌ಗಳಿಗೆ ಹಾರುವುದು ಕಲಿಸುವ ಸಣ್ಣ ವಿಮಾನ. ಎಂಜಿನ್ ಮೊದಲೇ ತೆಗೆದಿದ್ದರು. ವಿದ್ಯಾರ್ಥಿಗಳು ನೋಡಿ ಕಲಿಯಲಿ ಎಂದು ಪಡೆಯವರು ಎಂದೋ ಕಾಲೇಜಿಗೆ ಕೊಟ್ಟದ್ದು. ವಿದ್ಯಾರ್ಥಿಗಳು ಕಲಿತದ್ದೆಂದರೆ ಅದರ ಮೈಮೇಲೆ ಮೊಳೆಯಿಂದ ಬಾಣ ನೆಟ್ಟ ಹೃದಯ ಗೀಚುವುದನ್ನು.

ಶೇಖರಣ್ಣ ಮೊದಲ ದಿನ ಅದನ್ನು ಕಂಡವರೇ ವಾಚ್‌ಮನ್ನನ್ನು ಒಪ್ಪಿಸಿ ಒಳಗೆ ಹೋಗಿ, ಇಸ್ತ್ರಿ ಅಂಗಿಯಲ್ಲೇ ಎಡ ರೆಕ್ಕೆಯ ಕೆಳಗೆ ಅಂಗಾತ ಮಲಗಿದರಂತೆ. ಅಲ್ಲಿ ಒಂದು ತೇಪೆ ಇತ್ತು, ಅಲ್ಯುಮಿನಿಯಮ್ ತಗಡಿನದು, ಅಂಚಿಗೆ ರಿವೆಟ್ ಮೊಳೆಗಳ ಸಾಲು.

“ನಾನೇ ಹೊಡೆದ ರಿವೆಟ್ ಮಾರಾಯ್ರೆ,” ಎಂದು ಆ ಸಂಜೆ ನಮ್ಮ ಮನೆಯಲ್ಲಿ ಕೂತು ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. “ಸಾಲು ಸ್ವಲ್ಪ ವಾರೆ ಉಂಟು. ಆವತ್ತು ಸಾಹೇಬರು ಎಲ್ಲರ ಎದುರು ಬೈದಿದ್ರು. ಈಗ ಆ ವಾರೆ ನೋಡಿಯೇ ನನಗೆ ಗುರ್ತ ಸಿಕ್ಕಿದ್ದು. ಇದೊಂದು ಉಳಿದದೆ ಅಂತ ನನಗೆ ಗೊತ್ತೇ ಇರ್ಲಿಲ್ಲ.”

ಉಳಿದವು ಏನಾದವು ಎಂದು ಶಾಂತಾ ಕೇಳಿದಳು. ಆಗ ಅವರ ನಗು ಹೋಯಿತು.

ಉತ್ತರದ ಕಡೆ ಒಂದು ಡಿಪೋದಲ್ಲಿ ಅವರು ಕೆಲವು ಕಾಲ ಇದ್ದರು. ಹಳತಾದ, ಹೆಚ್ಚಾದ, ಇನ್ನು ಬೇಡವೆಂದು ಬರೆದುಹಾಕಿದ ವಿಮಾನಗಳು, ಜೀಪುಗಳು, ಟ್ರಕ್ಕುಗಳು ಅಲ್ಲಿಗೆ ಬರುತ್ತಿದ್ದವು. ಇಟ್ಟುಕೊಂಡರೆ ಕಾಯಲು ಜನ ಬೇಕು, ಹಾಗೇ ಹೊರಗೆ ಬಿಟ್ಟರೆ ಯಾರ ಕೈಗೆ ಸಿಗುತ್ತದೋ ಎಂಬ ಭಯ. ಹಾಗಾಗಿ ಒಡೆಯಬೇಕು. ಒಡೆಯುವವರು ಯಾರು? ಅವುಗಳನ್ನು ಸಾಕಿದವರೇ. ಟ್ರಕ್ಕಿನ ಎಂಜಿನ್ನಿನಿಂದ ಎಣ್ಣೆ ಇಳಿಸಿ, ಚಾಲು ಮಾಡಿ, ಹಾಗೇ ಬಿಡುತ್ತಿದ್ದರಂತೆ. ಅದು ಕಿರುಚಿ ಕಿರುಚಿ ಕೊನೆಗೊಮ್ಮೆ ಹಿಡಿದುಕೊಂಡು ನಿಲ್ಲುವವರೆಗೂ ಪಕ್ಕದಲ್ಲಿ ನಿಂತಿರಬೇಕು. ಮೇಣದ ಕಾಗದ ಬಿಚ್ಚದ ಹೊಸ ಮೀಟರುಗಳನ್ನು ಕಾಗದದ ಸಮೇತ ಸುತ್ತಿಗೆಯಿಂದ ಜಜ್ಜಬೇಕು. ರೆಕ್ಕೆ ಕೊಯ್ಯಬೇಕು. ಮಾರಲು ಬಾರದವನ್ನು ಬುಲ್ಡೋಜರಿನಿಂದ ಹೊಂಡ ತೋಡಿ ತಳ್ಳಿ ಮಣ್ಣೆಳೆಯಬೇಕು. ಮಳೆ ಬಂದ ಮೇಲೆ ಅಲ್ಲಿ ಹುಲ್ಲು ಬರುತ್ತಿತ್ತಂತೆ, ಒಳ್ಳೆಯ ಹುಲ್ಲು, ಊರಿನ ಎಮ್ಮೆಗಳು ಮೇಯುವಂಥದ್ದು.

“ನಾವು ರಿಪೇರಿ ಕಲಿತವರು ಶಾಂತಕ್ಕ. ಹಾಳು ಮಾಡುದು ಹೇಗೆ ಅಂತ ಬೇರೆ ಕಲಿಬೇಕಾಗಿರ್ಲಿಲ್ಲ. ಎಲ್ಲಿ ಎಣ್ಣೆ ಬೇಕು ಅಂತ ಗೊತ್ತಿದ್ದವನಿಗೆ ಎಲ್ಲಿ ಎಣ್ಣೆ ತೆಗೆದ್ರೆ ಸಾಯ್ತದೆ ಅಂತಲೂ ಗೊತ್ತಿರ್ತದೆ.”

ಶಾಂತಾ ಎದ್ದು ಅವರ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದಳು.

ಅಂದಿನಿಂದ ಭಾನುವಾರವೆಂದರೆ ಶೇಖರಣ್ಣನಿಗೆ ರಬಾಳೆ. ಕಾಲೇಜಿನವರಿಗೂ ಪುಕ್ಕಟೆ ಮೆಕ್ಯಾನಿಕ್ ಸಿಕ್ಕಿದಂತಾಗಿ ಸಂತೋಷವೇ ಆಯಿತು. ಅವರು ಟೈರಿಗೆ ಗಾಳಿ ಹೊಡೆದರು, ಗೀಚಿದ ಹೃದಯಗಳನ್ನೆಲ್ಲ ಉಜ್ಜಿ ಬಣ್ಣ ಬಳಿದರು, ಬೋಲ್ಟುಗಳಿಗೆ ಎಣ್ಣೆ ಬಿಟ್ಟರು. ಮೊಮ್ಮಗುವಿಗೆ ಎಣ್ಣೆ ನೀರು ಹಾಕುವಂತೆ ಹಾಕುತ್ತಾರೆ ಎಂದು ವನಜಕ್ಕ ನಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ, ಮೊಮ್ಮಕ್ಕಳ ಪ್ರಶ್ನೆಯೇ ಇಲ್ಲ.

ಆಯುಧ ಪೂಜೆ ಬಂತು. ವಾಹನಕ್ಕೆ ಪೂಜೆಯೆಂದ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು, ವಾಹನ ಮುಂದೆ ಹೋಗಿ ಅದನ್ನು ಅಪ್ಪಚ್ಚಿ ಮಾಡಬೇಕು. ಎಂಜಿನ್ನೇ ಇಲ್ಲದ ವಿಮಾನ ಮುಂದೆ ಹೋಗುವುದು ಹೇಗೆ? ನಾನಾಗಿದ್ದರೆ ನಿಂಬೆಹಣ್ಣನ್ನು ಕಾಲಿನಿಂದ ತುಳಿದು ಕೆಲಸ ಮುಗಿಸುತ್ತಿದ್ದೆ. ಶೇಖರಣ್ಣ ಬಿಡಲಿಲ್ಲ. ಸಂಘದ ನಾಲ್ಕೈದು ಜನರನ್ನು ಕರೆದೊಯ್ದರು. ತೊಳೆದು, ಕುಂಕುಮ ಹಚ್ಚಿ, ಹೂ ಹಾಕಿ, ಚಕ್ರಗಳಿಗೆ ಅಡ್ಡವಿಟ್ಟ ಇಟ್ಟಿಗೆ ಸರಿಸಿ, ಮೂರು ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟು, “ಹ್ಞಾಂ, ನೂಕಿ!” ಎಂದರು. ನಾವು ಹೊಟ್ಟೆ ಬಂದ ಗಂಡಸರು ಏದುಸಿರು ಬಿಡುತ್ತ ನೂಕಿದೆವು. ವಿಮಾನ ನರಳಿ, ಟೈರು ಕೂತಿದ್ದ ತಗ್ಗಿನಿಂದ ಮೇಲೆದ್ದು, ನಿಂಬೆಹಣ್ಣಿನಷ್ಟು ದೂರ ಹೋಯಿತು. ಹಣ್ಣು ಪಚಕ್ಕೆಂದಿತು. ಮತ್ತೆ ಹಿಂದಕ್ಕೆ ತಳ್ಳಿ ತಗ್ಗಿನಲ್ಲಿ ಕೂರಿಸಿದೆವು.

“ಈ ವರ್ಷದ ಹಾರಾಟ ಆಯ್ತು,” ಎಂದರು ಶೇಖರಣ್ಣ. ಆ ಮುಖದಲ್ಲಿದ್ದ ಸುಖವನ್ನು ನಾನು ಮದುವೆಮನೆಗಳಲ್ಲಿ ಹೆಣ್ಣಿನ ಅಪ್ಪಂದಿರ ಮುಖದಲ್ಲೂ ಕಂಡಿಲ್ಲ. ಆಮೇಲೆ ಪ್ರತಿ ವರ್ಷವೂ ಅದು ನಡೆಯಿತು. ವನಜಕ್ಕ ಮಾಡಿ ಕಳಿಸುತ್ತಿದ್ದ ಬೆಲ್ಲದ ಅವಲಕ್ಕಿಯ ಆಸೆಗೇ ನಾನು ಹೋಗುತ್ತಿದ್ದೆನೆಂದು ಶಾಂತಾ ಹೇಳುತ್ತಾಳೆ, ಅದರಲ್ಲಿ ಸುಳ್ಳೇನಿಲ್ಲ.

ಒಂದು ವರ್ಷ ನೂಕಿ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಧೋ ಎಂದು ಮಳೆ ಬಂತು. ನವರಾತ್ರಿಯ ಕೊನೆಯಲ್ಲಿ ಈ ಕಡೆ ಬರುವ ತಲೆಕೆಟ್ಟ ಮಳೆ. ಎಲ್ಲರೂ ಕಾಲೇಜಿನ ಪೋರ್ಟಿಕೋಗೆ ಓಡಿ, ಅಲ್ಲೇ ಅವಲಕ್ಕಿ ತಿಂದು, ಸ್ವಲ್ಪ ಬಿಟ್ಟಂತಾದಾಗ ಸ್ಟೇಷನ್ನಿನ ಕಡೆ ಓಡಿದೆವು. ವಿಮಾನವನ್ನು ಹಿಂದಕ್ಕೆ ತಳ್ಳುವುದು ಶೇಖರಣ್ಣನೂ ಸೇರಿ ಎಲ್ಲರಿಗೂ ಮರೆತುಹೋಯಿತು.

ಮರುದಿನ ದಸರೆ. ಬೆಳಗಿನ ಪಾಳಿಗೆ ಬಂದ ವಾಚ್‌ಮನ್ ಹಿಂದಿನ ಸಂಜೆ ಇರಲಿಲ್ಲ. ಅವನು ಕಂಡದ್ದಿಷ್ಟು: ವರ್ಷಗಟ್ಟಲೆ ತಗ್ಗಿನಲ್ಲಿ ಕೂತಿದ್ದ ವಿಮಾನ ತಗ್ಗಿನಿಂದ ಎದ್ದು ಮುಂದೆ ಬಂದಿದೆ. ಹಣೆಯಲ್ಲಿ ಕುಂಕುಮ, ಕಾಲಡಿ ಅಪ್ಪಚ್ಚಿಯಾದ ನಿಂಬೆಹಣ್ಣು. ಅದೂ ವಿಜಯದಶಮಿಯ ಬೆಳಗ್ಗೆ. ಅವನು ಚಪ್ಪಲಿ ಬಿಟ್ಟು ಕೈಮುಗಿದ. ಎದುರು ಚಹಾದ ಗಾಡಿಯವನನ್ನು ಕರೆದ. ಅವನು ಟೆಂಪೋದವರನ್ನು ಕರೆದ. ಮಧ್ಯಾಹ್ನದ ಹೊತ್ತಿಗೆ ವಿಮಾನ ತಾನೇ ನಡೆಯಿತು ಎಂಬ ಸುದ್ದಿ ರಬಾಳೆಯ ಕಾರ್ಖಾನೆಗಳ ಸಾಲನ್ನು ದಾಟಿತ್ತು.

ಶೇಖರಣ್ಣ ಭಾನುವಾರ ಹೋಗಿ ನೋಡಿ, ಎಲ್ಲರೆದುರು ನಿಜ ಹೇಳಿದರು. ನೂಕಿದ್ದು ನಾವು, ಹಿಂದೆ ತಳ್ಳಲು ಮರೆತದ್ದು ನಾವು ಎಂದರು. ವಾಚ್‌ಮನ್ ಭಕ್ತಿಯಿಂದ ಕೇಳಿಸಿಕೊಂಡ.

“ಸಹೀ ಬಾತ್ ಹೈ ಕಾಕಾ,” ಎಂದ. “ಧಕ್ಕಾ ಆಪ್‌ನೇ ಹೀ ಮಾರಾ. ಲೇಕಿನ್ ಆಪ್ ಕೋ ಬುಲಾಯಾ ಕಿಸ್‌ನೇ?”

ನೂಕಿದ್ದು ನೀವೇ ಸರಿ, ಆದರೆ ನೂಕಲು ನಿಮ್ಮನ್ನು ಕರೆಸಿಕೊಂಡವರು ಯಾರು ಎಂಬುದು ಅವನ ಪ್ರಶ್ನೆ. ಆಗ ನಾನು ಇದನ್ನು ನಾಲ್ಕು ಜನರಿಗೆ ಜೋಕಿನಂತೆ ಹೇಳಿ ನಗಿಸಿದ್ದೆ ಕೂಡ.

ಮೊದಲು ಹೊಸ ಟೆಂಪೋ ಕೊಂಡವರು ಬಂದರು. ಆಮೇಲೆ ಭಿವಂಡಿಯ ಗೋದಾಮುಗಳಿಗೆ ಓಡುವ ಟ್ರಕ್ಕಿನವರು. ಕಾಲೇಜಿನ ಹುಡುಗನೊಬ್ಬ ಬಾಲಕ್ಕೆ ದಾರ ಕಟ್ಟಿದ್ದಕ್ಕೆ ಕೆನಡಾದ ವೀಸಾ ಬಂತಂತೆ. ಆ ಸುದ್ದಿ ಹರಡಿದ ಮೇಲೆ ಠಾಣೆ, ಕಲ್ಯಾಣದಿಂದಲೂ ಪಾಸ್‌ಪೋರ್ಟ್ ಹಿಡಿದು ಬರತೊಡಗಿದರು. ಪಂಖಕ್ಕೆ ಗಂಟೆ ತೂಗಿತು, ಕಾಕ್‌ಪಿಟ್ಟಿನಲ್ಲಿ ಪುಟ್ಟ ಗಣಪತಿ ಕೂತ, ಬಿಸಿಲಿಗೆ ತಗಡಿನ ಚಪ್ಪರ ಬಂತು, ಕೊನೆಗೆ ‘ಶ್ರೀ ವಿಮಾನೇಶ್ವರ ಪ್ರಸನ್ನ’ ಎಂಬ ಬೋರ್ಡು. ರಜೆಗೆ ಬಂದಿದ್ದ ನನ್ನ ಮೊಮ್ಮಗಳು ನಾವು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಅಜ್ಜಾ, ಯೇ ಭಗವಾನ್ ಕೌನ್‌ಸೀ ಏರ್‌ಲೈನ್ ಕಾ ಹೈ?” ಎಂದಳು. ಈ ದೇವರು ಯಾವ ಏರ್‌ಲೈನಿನವನು ಎಂಬ ಪ್ರಶ್ನೆಗೆ ಎಲ್ಲರೂ ನಕ್ಕೆವು. ಶೇಖರಣ್ಣ ನಗಲಿಲ್ಲ. ಎಣ್ಣೆ ಡಬ್ಬಿ ಹಿಡಿದು ಹೋದರೆ ಈಗ ಅವರೂ ಸಾಲಿನಲ್ಲಿ ನಿಲ್ಲಬೇಕಾಗಿತ್ತು.

ಕಾಲೇಜು ನಡೆಸುವ ಟ್ರಸ್ಟಿನವರು ಹೆದರಿದರು. ಅವರ ಮ್ಯಾನೇಜರ್ ಮರಾಠಿಯವರು, ಸಭ್ಯ ಮನುಷ್ಯ. ಶೇಖರಣ್ಣ ಮಾತಾಡಲು ಹೋದಾಗ ಜೊತೆಗೆ ನಾನೂ ಇದ್ದೆ.

“ಕಾಕಾ, ಆಜ್ ಪತ್ರಾ ಲಾವ್‌ಲಾಯ್, ಉದ್ಯಾ ಸ್ಲ್ಯಾಬ್ ಪಡೇಲ್. ಮಗ್ ಕೋಣ್ ಹಲವ್‌ಣಾರ್?”

ಇವತ್ತು ತಗಡು ಹಾಕಿದ್ದಾರೆ, ನಾಳೆ ಕಾಂಕ್ರೀಟು ಬೀಳುತ್ತದೆ, ಆಮೇಲೆ ಅಲುಗಿಸುವವರಾರು ಎಂಬುದು ಅವರ ಚಿಂತೆ. ತಪ್ಪು ಚಿಂತೆಯೆಂದು ಹೇಳಲಾರೆ. ಹಾಗಾದರೆ ವಿಮಾನವನ್ನು ನಮ್ಮ ಸಂಘಕ್ಕಾದರೂ ಕೊಡಿ ಎಂದರು ಶೇಖರಣ್ಣ. ಅದೂ ಆಗುವಂತಿರಲಿಲ್ಲ. ಇಡಿಯಾಗಿ ಬೇರೆ ಯಾರಿಗೂ ದಾಟಿಸಕೂಡದು, ಬೇಡವಾದರೆ ಉಪಯೋಗಕ್ಕೆ ಬಾರದಂತೆ ಮಾಡಬೇಕು ಎಂಬ ಷರತ್ತಿನ ಮೇಲೆಯೇ ಅದನ್ನು ಕಾಲೇಜಿಗೆ ಕೊಟ್ಟಿದ್ದರು. ಕೊನೆಗೆ ಮ್ಯಾನೇಜರ್ ಒಂದು ಮಾತು ಕೊಟ್ಟರು. ದೇವರು ಹೋಗಿ ಮೊದಲಿನಂತೆ ಬರೀ ವಿಮಾನವಾದರೆ ಇರಲಿ, ನಮಗೇನು ತೊಂದರೆ ಎಂದರು.

ಶೇಖರಣ್ಣ ಆ ಮಾತನ್ನು ನಂಬಿದರು. ಮರುದಿನ ಬೆಳಗ್ಗೆಯೇ ಸೀಮೆಎಣ್ಣೆ, ಹತ್ತಿ ಬಟ್ಟೆ ಹಿಡಿದು ಹೋಗಿ ಕುಂಕುಮ ಒರೆಸಲು ತೊಡಗಿದರು. ಗಂಟೆ ಬಿಚ್ಚಿದರು. ಭಕ್ತರು ನೋಡಿದರು. ಅವರಲ್ಲಿ ಒಬ್ಬನಿಗೂ ಈ ಮುದುಕ ಯಾರೆಂದು ಗೊತ್ತಿರಲಿಲ್ಲ. ತಳ್ಳಾಡಿ, ಅಂಗಿ ಹರಿದು, ದೇವರಿಗೆ ಕೈ ಹಚ್ಚಿದ ಪಾಪಿ ಎಂದು ರಸ್ತೆಯವರೆಗೂ ನೂಕಿಕೊಂಡು ಬಂದರು. ಆ ವಿಮಾನಕ್ಕೆ ಮೊಟ್ಟಮೊದಲ ಕುಂಕುಮ ಹಚ್ಚಿದವರು ಅವರೇ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಯಾರು ಕೇಳುತ್ತಿದ್ದರು? ಹರಿದ ಅಂಗಿಯನ್ನು ವನಜಕ್ಕ ನನಗೆ ತೋರಿಸಿ, “ನೀವಾದ್ರೂ ಹೇಳಿ ಇವರಿಗೆ, ಇನ್ನು ಆ ಕಡೆ ಹೋಗುದು ಬೇಡ ಅಂತ,” ಎಂದರು. ನಾನು ಹೇಳಿದೆ. ಶೇಖರಣ್ಣ ಗೋಡೆ ನೋಡುತ್ತ ಕೂತಿದ್ದರು.

ಮ್ಯಾನೇಜರ್ ಬೇರೆ ದಾರಿ ಹುಡುಕಿದರು. ಪುರೋಹಿತರೊಬ್ಬರನ್ನು ಕರೆಸಿ, ಭಕ್ತರನ್ನೂ ಕೂರಿಸಿ ಮಾತಾಡಿದರು. ಗಣಪತಿಗೆ ಗೇಟಿನ ಹೊರಗೆ ಒಂದು ಗೂಡು ಕಟ್ಟಿಸಿಕೊಡುವುದು, ದೇವರ ಕಳೆಯನ್ನು ಕಲಶಕ್ಕಿಳಿಸಿ ಅಲ್ಲಿಗೆ ಒಯ್ಯುವುದು ಎಂದಾಯಿತು. ಎಲ್ಲರೂ ಒಪ್ಪಿ, ಆ ದಿನವೇ ಕಳೆ ಇಳಿಸಿದ್ದೂ ಆಯಿತು. ಉಳಿದ ದೇಹವನ್ನು ಕೊಯ್ದುಕೊಂಡು ಹೋಗಲೆಂದು ಭಿವಂಡಿಯಿಂದ ಭಂಗಾರದವನನ್ನು, ಅಂದರೆ ಗುಜರಿಯವನನ್ನು, ಕರೆಸಿದರು. ಅವನು ಗ್ಯಾಸ್ ಕಟರ್ ಸಮೇತ ಬಂದ. ಕುಂಕುಮ, ತೆಂಗಿನ ಚಿಪ್ಪು, ಬಾಲದ ತುಂಬ ದಾರ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

“ನಹೀ ಸಾಹಬ್. ಮೇರೇ ಆದ್ಮೀ ಇಸ್‌ಪೇ ಕಟರ್ ನಹೀ ಚಲಾಯೇಂಗೇ.”

ಕಳೆ ತೆಗೆದಾಗಿದೆ, ಈಗ ಬರೀ ತಗಡು ಎಂದು ಪುರೋಹಿತರೇ ಹೇಳಿದರೂ, ತನ್ನ ಆಳುಗಳು ಇದರ ಮೇಲೆ ಕಟರ್ ಓಡಿಸುವುದಿಲ್ಲ ಎಂದೇ ಹಟ ಹಿಡಿದ. ಕಟರ್ ಎತ್ತಿಕೊಂಡು ಹೋದ. ಇನ್ನುಳಿದದ್ದು ಒಂದೇ. ಪೂಜೆಗೊಂಡ ಮೂರ್ತಿಯನ್ನು ಒಡೆಯುವಂತಿಲ್ಲ, ನೀರಿಗೆ ಬಿಡಬೇಕು, ಇಲ್ಲವೇ ಮಣ್ಣಿಗೆ. ವಿಮಾನವನ್ನು ಸಮುದ್ರದ ಖಾಡಿಯಲ್ಲಿ ಮುಳುಗಿಸಲಾಗದು. ಕಾಲೇಜಿನ ಹಿಂದೆ ಖಾಲಿ ಜಾಗವಿತ್ತು, ಜೆಸಿಬಿ ಬಾಡಿಗೆಗೆ ಸಿಗುತ್ತಿತ್ತು.

ಶೇಖರಣ್ಣ ಕೊನೆಯ ಸಲ ಮ್ಯಾನೇಜರರ ಬಳಿ ಹೋದರು. ದೇವರ ಕಳೆ ಇಳಿಸಿಯಾಯಿತಲ್ಲ, ನೀವು ಹೇಳಿದ ಹಾಗೆ ಈಗ ಬರೀ ವಿಮಾನ ಉಳಿಯಿತಲ್ಲ, ಇರಲಿ ಬಿಡಿ ಎಂದು ಕೈಮುಗಿದು ಕೇಳಿದರು. ಅವರು ಹಾಗೆ ಯಾರಿಗಾದರೂ ಕೈಮುಗಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಪರತ್ ಕೋಣೀತರೀ ಲಿಂಬೂ ಠೇವೇಲ್, ಕಾಕಾ,” ಎಂದರು ಮ್ಯಾನೇಜರ್, ಮೆಲ್ಲಗೆ.

ಮತ್ತೆ ಯಾರಾದರೂ ನಿಂಬೆಹಣ್ಣು ಇಡುತ್ತಾರೆ. ಶೇಖರಣ್ಣ ತಲೆಯಾಡಿಸಿ ಎದ್ದರು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಸಿಟ್ಟಾಗಬೇಕೆಂದು ಎಷ್ಟು ಹುಡುಕಿದರೂ ಒಬ್ಬ ಕೆಟ್ಟ ಮನುಷ್ಯನೂ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಅದಕ್ಕೇ ಈ ಸಂಕಟಕ್ಕೆ ಮದ್ದಿಲ್ಲ ಎನಿಸುತ್ತದೆ. ಪ್ರೀತಿ ಮಾಡುವುದು ಬಿಟ್ಟು ನಮ್ಮ ಜನ ಬೇರೇನನ್ನೂ ಮಾಡಿರಲಿಲ್ಲ.

ಮಣ್ಣು ಮಾಡುವ ದಿನ ಅವರು ಹೋಗುವುದಿಲ್ಲವೆಂದುಕೊಂಡಿದ್ದೆ. ಬೆಳಗ್ಗೆ ನಮ್ಮ ಬಾಗಿಲಿಗೆ ಬಂದು, “ಬರ್ತೀರಾ ರಾಯರೇ?” ಎಂದರು. ಶಾಂತಾ ನನ್ನನ್ನು ಕಣ್ಣಿನಲ್ಲೇ ಹೊರಡಿಸಿದಳು.

ಢೋಲು ತಾಶಾ ಇತ್ತು. ಗುಲಾಲು ಹಾರಿಸಿದರು. ಗಣಪತಿಯನ್ನು ಹೊತ್ತುಕೊಂಡು ಗೇಟಿನ ಹೊರಗಿನ ಗೂಡಿಗೆ ಹೋದರು. ವಿಮಾನವನ್ನು ಹಗ್ಗ ಕಟ್ಟಿ ಹಿಂದುಗಡೆಯ ಹೊಂಡದವರೆಗೆ ಎಳೆದರು. ಅಲ್ಲಿ ನೋಡಿದರೆ ಹೊಂಡದ ಅಗಲ ಸಾಲದು, ರೆಕ್ಕೆಗಳು ಅಡ್ಡ ಬರುತ್ತವೆ. ಜೆಸಿಬಿಯವನು ತನ್ನ ಕಬ್ಬಿಣದ ಕೈಯನ್ನು ಎಡ ರೆಕ್ಕೆಯ ಮೇಲೆ ಎತ್ತಿದ. ಒಂದೇ ಏಟಿಗೆ ಮಡಚಿಹಾಕುತ್ತಿದ್ದ.

“ರುಕೋ!” ಎಂದರು ಶೇಖರಣ್ಣ. ಅದು ಅವರ ಪಡೆಯ ಹಿಂದಿ. ಢೋಲೂ ನಿಂತಿತು. “ಮೈ ಖೋಲ್ ಕೇ ದೇತಾ ಹೂಂ.”

ಬಿಚ್ಚಿಕೊಡುತ್ತೇನೆ ಎಂದು ಚೀಲದಿಂದ ಸ್ಪ್ಯಾನರುಗಳನ್ನು ತೆಗೆದರು. ನಾನು ಪಕ್ಕದಲ್ಲಿ ಕೂತು ಕೇಳಿದ್ದನ್ನು ಬಿಟ್ಟು ಬೇರೆಯದನ್ನೇ ಕೊಡುತ್ತಿದ್ದೆ. ಅವರು ಬೈಯಲಿಲ್ಲ, ಅದನ್ನಿಟ್ಟು ತಾವೇ ಬೇರೆ ತೆಗೆದುಕೊಳ್ಳುತ್ತಿದ್ದರು. ತುಕ್ಕು ಹಿಡಿದು ಕೂತಿರುತ್ತವೆ, ಸಂಜೆಯಾಗುತ್ತದೆ ಎಂದು ನಾನು ಎಣಿಸಿದ್ದೆ. ಒಂದೊಂದು ಬೋಲ್ಟೂ ಕೈ ತಾಗಿದ ಕೂಡಲೇ ತಿರುಗಿ ಈಚೆ ಬಂತು.

“ಎಷ್ಟು ಸುಲಭ ಬಂತು ನೋಡಿ ಮಾರಾಯ್ರೆ,” ಎಂದರು. “ಪ್ರತಿ ಭಾನುವಾರ ಎಣ್ಣೆ ಬಿಟ್ಟದ್ದು ಇದಕ್ಕೇ ಅಂತ ಕಾಣ್ತದೆ.”

ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಎರಡೂ ರೆಕ್ಕೆಗಳನ್ನು ಬಿಚ್ಚಿ, ನಾಲ್ಕು ಜನರ ಕೈಯಲ್ಲಿ ಎತ್ತಿಸಿ, ಹೊಂಡದಲ್ಲಿ ದೇಹದ ಎರಡು ಪಕ್ಕಕ್ಕೆ ತಾಗದಂತೆ ಒರಗಿಸಿಟ್ಟರು. ತೇಪೆಯಿದ್ದ ಬದಿಯನ್ನು ಮೇಲೆ ಮಾಡಿಸಿದರು. ವಾರೆ ರಿವೆಟುಗಳ ಸಾಲು ಬಿಸಿಲಿಗೆ ಹೊಳೆಯುತ್ತಿತ್ತು. ಆಮೇಲೆ ಜೆಸಿಬಿಯವನಿಗೆ ಕೈ ತೋರಿಸಿದರು. ಮಣ್ಣು ಬಿದ್ದಾಗ ಒಳಗೆ ಟೊಳ್ಳು ಸದ್ದಾಯಿತು, ಸ್ವಲ್ಪ ಹೊತ್ತಿಗೆ ಅದೂ ಇಲ್ಲ. ಅಭ್ಯಾಸಬಲದಿಂದ ಯಾರೋ “ಪುಢ್‌ಚ್ಯಾ ವರ್ಷೀ ಲವ್‌ಕರ್ ಯಾ!” ಎಂದು ಕೂಗಿದರು. ಮುಂದಿನ ವರ್ಷ ಬೇಗ ಬಾ ಎಂದು ಗಣಪತಿಯನ್ನು ಬಿಡುವಾಗ ಕೂಗುವ ಕೂಗು. ಉಳಿದವರೂ ಕೂಗಿದರು.

ರಬಾಳೆಯಿಂದ ನೆರೂಳಕ್ಕೆ ಗಾಡಿ ಹಿಡಿದು ಕೂತೆವು. ಶೇಖರಣ್ಣನ ಕೈಯೆಲ್ಲ ಎಣ್ಣೆ ಮಣ್ಣು, ಬಿಳಿ ಅಂಗಿಯ ಮೇಲೆ ಗುಲಾಲು. ಎದುರಿನವರು ಯಾವ ಮೆರವಣಿಗೆ ಎಂದು ಕೇಳಿದರು, ನಾನು ಏನೋ ಹೇಳಿದೆ. ನೆರೂಳ ಬಂತು. ಅದೇ ಕೊನೆಯ ಸ್ಟೇಷನ್, ಎಲ್ಲರೂ ಇಳಿದರು. ಶೇಖರಣ್ಣ ಏಳಲಿಲ್ಲ.

“ಬರ್ರಿ ಶೇಖರಣ್ಣ, ನೆರೂಳ ಬಂತು.”

“ನೀವು ಇಳಿಯಿರಿ ರಾಯರೇ. ನಾನು ಸ್ವಲ್ಪ ಕೂತಿರ್ತೇನೆ.”

ನಾನೂ ಇಳಿಯಲಿಲ್ಲ. ಗಾಡಿ ಮತ್ತೆ ತುಂಬಿಕೊಂಡು ಠಾಣೆಯ ಕಡೆ ಹೊರಟಿತು. ಜುಯಿನಗರ, ತುರ್ಭೆ, ಕೋಪರ್‌ಖೈರಣೆ, ಘಣಸೋಲಿ ಎಲ್ಲ ಹೋದವು. ರಬಾಳೆ ಬಂದು ಗಾಡಿ ನಿಂತಾಗ ಬಾಗಿಲ ಕಡೆ ನೋಡದೆ ತಮ್ಮ ಕೈಗಳನ್ನೇ ನೋಡುತ್ತ ಹೇಳಿದರು.

“ಡಿಪೋದಲ್ಲಿ ಒಡೆಯುದಕ್ಕೆ ಆರ್ಡರ್ ಇತ್ತು ರಾಯರೇ. ಇವತ್ತು ನನಗೆ ಯಾರೂ ಹೇಳಿರ್ಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಸ್ಪ್ಯಾನರ್ ಚೀಲಕ್ಕೆ ಹಾಕಿದ್ದೆ.”